ದಂಡಿನ ದಾರಿಯ ಮಂಡಿಬಸವ

ಕೋಟೆಗಳಿಗೆ ಕಲ್ಲು ಕಡಿಯುವುದಕ್ಕೆ ಮುನ್ನ, ಅರಸರಿಗೆ ಎಲ್ಲೆಗಳೆಂಬ ವ್ಯಾಮೋಹ ಹುಟ್ಟುವುದಕ್ಕೂ ಮುನ್ನ, ಮೇವನ್ನರಸಿ ಬೆಟ್ಟವೇರಿದ ಗೋಸಂಕುಲದ ಖುರಪುಟಗಳಿಂದಲೇ ಸವೆದು ಮೂಡಿದ ಜಾಡೊಂದು ಈ ಕರಿಬಂಡೆಗಳ ನಾಡಿನಲ್ಲಿತ್ತು. ಕಾಲಾಂತರದಲ್ಲಿ ಪಾಳೆಯಗಾರರು ಇಲ್ಲಿ ಮೊದಲದುರ್ಗ, ನಡುದುರ್ಗ, ಕಡೆದುರ್ಗಗಳೆಂಬ ಮೂರು ಗಡಿಕೋಟೆಗಳನ್ನು ಕಟ್ಟಿಸಿ, ಅವುಗಳ ನಡುವೆ ದಂಡು, ಮದ್ದುಗುಂಡು, ದವಸಗಳು ಸಾಗಲೆಂದು ಆ ಜಾಡಿಗೇ ಚಪ್ಪಡಿ ಹಾಸಿಸಿ ದಂಡಿನ ದಾರಿಯೆಂದು ಹೆಸರಿಟ್ಟರು. ಶಾಸನದಲ್ಲಿ ತಮ್ಮ ಬಿರುದುಗಳನ್ನೆಲ್ಲ ಉದ್ದುದ್ದ ಬರೆಸಿಕೊಂಡರೇ ಹೊರತು, ದಾರಿ ತೋರಿದ ದನಗಳಿಗೆ ಒಂದಕ್ಷರವನ್ನೂ ಮೀಸಲಿಡಲಿಲ್ಲ. ಆ ಕೊರತೆಯನ್ನು ತುಂಬಲೆಂದೇ ಪರಶಿವನು ಮುಂದಿನ ಲೀಲೆಯನ್ನು ನಡೆಸಿದನೆಂದು ಹಿರಿಯರ ನಂಬಿಕೆ.

ಆ ದಾರಿಯ ಮಗ್ಗುಲಿನ ಹಟ್ಟಿಯಲ್ಲಿ ಬೋಸಯ್ಯನೆಂಬ ಕಿಲಾರಿಯಿದ್ದನು. ದೇವರ ಹೆಸರಿನಲ್ಲಿ ಬಿಟ್ಟ ಎತ್ತುಗಳನ್ನು ಕಾಯುವವನೇ ಕಿಲಾರಿ. ಆ ಎತ್ತುಗಳಿಗೆ ನೊಗವಿಲ್ಲ, ಮೂಗುದಾರವಿಲ್ಲ, ಬೆನ್ನ ಮೇಲೆ ಹುಲ್ಲುಕಡ್ಡಿಯಷ್ಟು ಹೇರೂ ಇಲ್ಲ. ಹೇರು ಹೊರಿಸಿದವನ ಕೈಯಿಂದ ಹಟ್ಟಿಯವರು ನೀರನ್ನೂ ಮುಟ್ಟರು. ಮಂದೆಯ ಮುಂದಾಳು ಬೂದಿಬಣ್ಣದ ಎತ್ತು. ಅದನ್ನು ಬೋಸಯ್ಯನು ಬೂದಯ್ಯನೆಂದೇ ಕರೆಯುತ್ತಿದ್ದನು. ಹೆಂಡತಿ ತೀರಿಕೊಂಡು ಮಗಳು ಸಿರಿಯಮ್ಮ ಕಡೆದುರ್ಗದ ಕಾವಲಿನವನ ಮನೆ ಸೇರಿದ ಮೇಲೆ, ಅವನ ಸುಖದುಃಖದ ಮಾತೆಲ್ಲ ಬೂದಯ್ಯನೊಡನೆಯೇ ನಡೆಯುತ್ತಿತ್ತು.

ಹೀಗಿರಲಾಗಿ ಒಂದು ಬೇಸಿಗೆಯಲ್ಲಿ ನೆರೆಸೀಮೆಯ ದಂಡು ಬಂದು ಕಡೆದುರ್ಗವನ್ನು ಮುತ್ತಿತು. ಕೋಟೆಯೊಳಗೆ ಉಳಿದವರು ಮೂವತ್ತು ಜನ, ಕಣಜವೋ ಬರಿದು. ಹೇರೆತ್ತುಗಳೆಲ್ಲ ಶತ್ರುವಿನ ಪಾಲಾಗಿದ್ದವು. ಸಿರಿಯಮ್ಮ ಹಡೆದು ಒಂಬತ್ತು ದಿನವಾಗಿದೆ, ಅನ್ನವಿಲ್ಲದೆ ಮೊಲೆಹಾಲು ಬತ್ತಿ ಕೂಸು ಅಳುವುದನ್ನೂ ನಿಲ್ಲಿಸಿದೆ ಎಂಬ ಸುದ್ದಿಯನ್ನು ತಪ್ಪಿಸಿಕೊಂಡು ಬಂದ ಕಾವಲಿನವನೊಬ್ಬನು ಹಟ್ಟಿಗೆ ಮುಟ್ಟಿಸಿದನು. ಬೂದಯ್ಯನನ್ನು ಮುಂದಿಟ್ಟುಕೊಂಡು ಹೋದರೆ ತನ್ನನ್ನು ಯಾರೂ ತಡೆಯಲಾರರೆಂದು ಬಗೆದು ಬೋಸಯ್ಯನು ಹಟ್ಟಿಯ ಗೌಡನ ಮುಂದೆ ನಿಂತನು.

“ಎತ್ತು ಹೋಗ್ಲಿ, ಆದ್ರೆ ಹೇರು?” ಎಂದು ಗೌಡನು ಕೇಳಿದನು.

“ಹೇರು ನನ್ನ ತಲೆ ಮ್ಯಾಲೆ ಇರ್ತೈತೆ ಗೌಡ. ದೇವರಾಣೆಗೂ ಅವನ ಬೆನ್ನು ಮುಟ್ಟಿಸಾಕಿಲ್ಲ.”

ನವಣೆಯ ಮೂಟೆಯನ್ನು ಹೊತ್ತು ಅವನು ಬೆಳಗಿನಲ್ಲೇ ಹೊರಟನು. ಆದರೆ ಅರವತ್ತರ ಮೊಣಕಾಲಿಗೆ ಆಣೆಯ ಪರಿವೆಯಿರುವುದೇ? ಕಡೆಯ ಏರಿನಲ್ಲಿ ಕಾಲು ಜಾರಿ ಮೂಟೆ ಉರುಳಿತು. ಮರಳಿ ಎತ್ತಲು ಹೋದರೆ ಸೊಂಟ ಏಳಲೊಲ್ಲದು. ಕೆಳಗಿನ ತಿರುವಿನಲ್ಲಿ ಶತ್ರುಗಳ ಪಹರೆಯವರ ಮಾತು ಕೇಳಿಸಿತು. ನೆಲದ ಮೇಲೆ ಮೂಟೆ ಕಂಡರೆ ಕಸಿದಾರು, ಕೂಸು ಉಳಿಯದು; ಎತ್ತಿಗೆ ಹೊರಿಸಿದರೆ ವ್ರತ ಉಳಿಯದು. ಬೋಸಯ್ಯನು ಅತ್ತನು. ಆಗ ಯಾರೂ ಹೇಳದೆಯೇ ಬೂದಯ್ಯನು ಅವನ ಮುಂದೆ ಮಂಡಿಯೂರಿದನು. ಬೋಸಯ್ಯನು ಮೂಟೆಯನ್ನು ಆ ಬೆನ್ನ ಮೇಲೆ ಹೊರಳಿಸಿ, ಅದು ಕಾಣದಂತೆ ತನ್ನ ಕಂಬಳಿಯನ್ನು ಜೂಲಿನಂತೆ ಹೊದಿಸಿದನು.

ಪಹರೆಯವರು ಬಂದರು, ಮೂಗುದಾರವಿಲ್ಲದ ಎತ್ತನ್ನು ಕಂಡರು. “ದೇವರೆತ್ತು ಕಣ್ರೋ, ದಾರಿ ಬಿಡ್ರಿ” ಎಂದು ಅವರ ಹಿರಿಯನು ಕೆರ ಕಳಚಿ ಕೈಮುಗಿದನು. ದೇವರೆತ್ತಿಗೆ ಹೇರು ಹೊರಿಸುವ ಪಾಪಿ ಲೋಕದಲ್ಲಿರಬಹುದೆಂದು ಆ ಶತ್ರುಗಳಿಗೂ ತೋಚಲಿಲ್ಲ. ಕೈಮುಗಿದವರ ನಡುವೆ ತಲೆ ತಗ್ಗಿಸಿ ನಡೆದ ಬೋಸಯ್ಯನಿಗೆ ಆ ಹತ್ತು ಹೆಜ್ಜೆಗಳು ಇಡೀ ಏರಿಗಿಂತ ಕಷ್ಟವಾದವು.

ಕೋಟೆಯಲ್ಲಿ ಗಂಜಿ ಕುದಿಯಿತು, ತಾಯಿಗೆ ಹಾಲಿಳಿಯಿತು, ಕೂಸು ಅತ್ತಿತು. ಒಂದೇ ಮೂಟೆ ಮೂವತ್ತು ಜನರಿಗೆ ಎಂಟು ದಿನ, ನಡುದುರ್ಗದ ದಂಡು ಬಂದು ಮುತ್ತಿಗೆಯನ್ನು ಮುರಿಯುವವರೆಗೂ, ಅಕ್ಷಯವಾಗಿತ್ತೆಂದು ಹೇಳುತ್ತಾರೆ. ಗಂಜಿಯನ್ನು ತೀರಾ ತೆಳ್ಳಗೆ ಕಾಯಿಸಿದ್ದರೆಂದೂ ಹೇಳುವವರಿದ್ದಾರೆ. ಅವರೂ ಪ್ರಸಾದಕ್ಕೆ ಎರಡು ಸಲ ಕೈಯೊಡ್ಡುತ್ತಾರೆ.

ಬೋಸಯ್ಯನಾದರೋ ಮೊಮ್ಮಗುವಿನ ಮುಖವನ್ನೊಮ್ಮೆ ನೋಡಿ, ತಪ್ಪೊಪ್ಪಿಕೊಳ್ಳಲೆಂದು ಆ ಹೊತ್ತೇ ಹಟ್ಟಿಯತ್ತ ತಿರುಗಿದನು. ಮೂಟೆ ಹೊರಿಸಿದ ತಾಣಕ್ಕೆ ಬಂದಾಗ ಬೂದಯ್ಯನು ಮತ್ತೆ ಮಂಡಿಯೂರಿದನು. ಈ ಸಲ ಏಳಲಿಲ್ಲ.

“ಏಳಪ್ಪಾ ಬೂದಯ್ಯ, ತಪ್ಪಾತು. ಹಟ್ಟಿಗೋಗಾನ ಏಳಪ್ಪಾ” ಎಂದು ಬೋಸಯ್ಯನು ಕೊರಳನ್ನು ತಬ್ಬಿದನು. ತಬ್ಬಿದ ಕೊರಳು ಅವನ ತೋಳಿನಲ್ಲೇ ತಣ್ಣಗೆ ಕಲ್ಲಾಯಿತು. ಮೂತಿಯ ಕೆಳಗಿನ ಬಿರುಕಿನಿಂದ ನೀರು ಜಿನುಗಿತು. ಗಗನದಿಂದ ಗಂಭೀರವಾದ ವಾಣಿಯೊಂದು ಮೊಳಗಿತು:

“ವತ್ಸ, ಹಸಿದ ಶಿಶುವಿಗಾಗಿ ನೀನು ಹೊರಿಸಿದ್ದನ್ನು ನಾನು ನೈವೇದ್ಯವೆಂದು ಸ್ವೀಕರಿಸಿದ್ದೇನೆ. ನಿನ್ನ ಮನಸ್ಸಿನ ಭಾರವನ್ನೂ ಇಲ್ಲಿಯೇ ಇಳಿಸು. ಇನ್ನು ಈ ದಾರಿಯಲ್ಲಿ ಹೊತ್ತು ಬಂದವರೆಲ್ಲರೂ ನನ್ನ ಬೆನ್ನ ಮೇಲೆ ಹೊರೆಯಿಳಿಸಿ ದಣಿವಾರಿಸಿಕೊಳ್ಳಲಿ.”

ಬೋಸಯ್ಯನು ನಡೆದುದನ್ನೆಲ್ಲ ಹಟ್ಟಿಯಲ್ಲಿ ಒಪ್ಪಿಕೊಂಡ ಮೇಲೆ, ಗೌಡನೇ ಮುಂದಾಗಿ ಬಂದು ಅವನ ಕೈಯಿಂದ ಆ ಊಟೆಯ ನೀರನ್ನು ಕುಡಿದನು. ಬೋಸಯ್ಯನು ಬದುಕಿರುವವರೆಗೂ ಅಲ್ಲಿಯೇ ಗುಡಿಸಲು ಹಾಕಿಕೊಂಡಿದ್ದನು.

ಈಗ ಮೂರು ದುರ್ಗಗಳೂ ಕುಸಿದಿವೆ. ಅಂದು ಗೆದ್ದ ಅರಸನ ಹೆಸರು ಯಾರಿಗೂ ನೆನಪಿಲ್ಲ. ಚಪ್ಪಡಿಗಳ ಸಂದಿನಲ್ಲಿ ಬಂದರೆಯೆಂಬ ಕುರುಚಲು ಗಿಡ ಬೆಳೆದಿದೆ. ಆದರೂ ವೈಶಾಖದ ಮೊದಲ ಸೋಮವಾರ ಹಟ್ಟಿಗಳ ಜನ ಎತ್ತುಗಳಿಗೆ ಬಿಡುವು ಕೊಟ್ಟು, ನವಣೆಯನ್ನು ತಮ್ಮ ತಲೆಯ ಮೇಲೆಯೇ ಹೊತ್ತು ಈ ದಾರಿಯಲ್ಲಿ ನಡೆಯುತ್ತಾರೆ. ಮಂಡಿಬಸವನ ಬೆನ್ನ ಮೇಲೆ ಹೊರೆಯನ್ನು ಕೊಂಚ ಹೊತ್ತು ಇಳಿಸಿ, ಕಡೆದುರ್ಗಕ್ಕೆ ಒಯ್ದು ಗಂಜಿ ಕಾಯಿಸುತ್ತಾರೆ. ಮೊದಲ ಗುಟುಕು ಬಾಣಂತಿಯರಿಗೆ.

ಬಸವನ ಕೊರಳ ಬಳಿ ಅಂಗೈಯಗಲದ ನುಣುಪಾದ ಗುಳಿಯೊಂದಿದೆ. ಅದು ಮೂಟೆಯ ಹಗ್ಗದ ಗುರುತೆಂದು ಪೂಜಾರಿಗಳು ತೋರಿಸುತ್ತಾರೆ. ಹಟ್ಟಿಯ ಮುದುಕಿಯರು ಒಪ್ಪುವುದಿಲ್ಲ. ಬೋಸಯ್ಯನು ದಿನವೂ ಸಂಜೆ ಮಂದೆ ತಿರುಗಿಸುವ ಹೊತ್ತಿಗೆ ಅಲ್ಲಿ ಕೈಯಾಡಿಸುತ್ತ, “ಏಳಪ್ಪಾ ಬೂದಯ್ಯ” ಎಂದು ಒಮ್ಮೆ ಕರೆದು ನೋಡುತ್ತಿದ್ದನಂತೆ.