ಆರದ ಹಸಿರು ದೀಪ

“ಅಮ್ಮಾ, ದೀಪ ಆರದ ಹಾಗೆ ಮಾಡಿಬಿಟ್ಟರೆ ತಪ್ಪೇನು?” ಎಂದು ಶಿಷ್ಯ ಕೊಟ್ರೇಶಿ ಕೇಳಿದ.

ಅವನು ಒಂದು ಕಾರ್ಖಾನೆಗೆ ಕಾವಲಿನ ಪೆಟ್ಟಿಗೆ ಮಾಡಿಕೊಡುತ್ತಿದ್ದ. ಒಳಗಿನ ಪ್ರೋಗ್ರಾಮ್ ಸರಿಯಾಗಿ ಓಡುತ್ತಿದ್ದರೆ ಹಸಿರು ದೀಪ ಉರಿಯುತ್ತಿತ್ತು. ಅದು ಮುಗ್ಗರಿಸಿದರೆ ದೀಪ ಆರುತ್ತಿತ್ತು. ದೀಪ ಆರಿದಾಗಲೆಲ್ಲ ಕೆಲಸ ನಿಲ್ಲುತ್ತದೆ ಎಂದು ಮಾಲೀಕ ಗೊಣಗಿದ್ದ. ಬೆಳಗಾದರೆ ಪೆಟ್ಟಿಗೆ ಒಪ್ಪಿಸಬೇಕು. ದೀಪದ ತಂತಿಯನ್ನು ನೇರವಾಗಿ ಕರೆಂಟಿಗೆ ಬೆಸೆದುಬಿಟ್ಟರೆ ಎಲ್ಲರಿಗೂ ನೆಮ್ಮದಿ.

ಗುರು ಸರ್ವಮಂಗಳಮ್ಮ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದಳು. ದನಿ ತಗ್ಗಿಸಿದಳು. ಈ ಮಾತು ನಿನ್ನ ಹೊಟ್ಟೆಯಲ್ಲೇ ಇರಬೇಕು, ಹೆಂಡತಿಯ ಕಿವಿಗೂ ಬೀಳಕೂಡದು ಎಂದು ಆಣೆ ಹಾಕಿಸಿಕೊಂಡಳು. ಆಮೇಲೆ ಹೇಳತೊಡಗಿದಳು.

ಒಂದು ಊರಿನಲ್ಲಿ ಒಬ್ಬ ಯಂತ್ರಗಾರ್ತಿ ಇದ್ದಳು. ಆ ಬೀದಿಯಲ್ಲಿ ಅವಳಷ್ಟು ಓದಿದವರು ಇರಲಿಲ್ಲ. ಬೀದಿ ಅದನ್ನು ಮರೆಯುವುದಕ್ಕೆ ಅವಳೂ ಬಿಡುತ್ತಿರಲಿಲ್ಲ. ಗೋಡೆಗೆ ಗೋಡೆ ತಾಗಿದ ಮನೆಯಲ್ಲಿ ಒಬ್ಬ ಕುಲುಮೆ ಕೆಲಸದವನೂ ಅವನ ಹೆಂಡತಿಯೂ ಇದ್ದರು. ಎರಡು ಮನೆಗಳ ನಡುವೆ ಸಾರು, ಪಲ್ಯ, ಚಾಡಿ ಎಲ್ಲವೂ ಓಡಾಡುತ್ತಿದ್ದವು.

ಆ ಬೀದಿಗೆ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಬಿದ್ದಿದ್ದರೆ ಮನೆಯವರು ಚೆನ್ನಾಗಿದ್ದಾರೆ ಎಂದರ್ಥ. ಬಿದ್ದಿಲ್ಲವೆಂದರೆ ಜ್ವರವೋ ಜಗಳವೋ ಸೂತಕವೋ ಇರಬೇಕು. ಎದುರು ಮನೆಯ ಮುದುಕಿಯರು ಕಾಫಿ ಲೋಟ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಹೋಗಿ ಬಾಗಿಲು ತಟ್ಟುತ್ತಿದ್ದರು. ಹೋಗುತ್ತಿದ್ದದ್ದು ಮರುಕಕ್ಕೋ ಸುದ್ದಿಗೋ, ದೇವರಿಗೇ ಗೊತ್ತು. ಬಾಗಿಲು ತಟ್ಟುತ್ತಿದ್ದದ್ದಂತೂ ನಿಜ.

ನೆರೆಯವಳಿಗೆ ಸೊಂಟ ಹಿಡಿಯಿತು. ಯಂತ್ರಗಾರ್ತಿ ಪೇಟೆಯಿಂದ ಅಂಟಿಸುವ ಪ್ಲಾಸ್ಟಿಕ್ ರಂಗೋಲಿ ತಂದು, ತಾನೇ ಕೂತು ಅವಳ ಹೊಸ್ತಿಲ ಮುಂದೆ ಅಂಟಿಸಿಕೊಟ್ಟಳು. ದಿನಾ ಬಗ್ಗುವ ಕಷ್ಟ ಯಾಕೆ, ಇದು ಅಳಿಸಿಹೋಗುವುದಿಲ್ಲ ಎಂದಳು. ಇವಳು ನಾಳೆ ಅನ್ನದ ಚಿತ್ರ ಅಂಟಿಸಿ ಗಂಡನಿಗೆ ಊಟಕ್ಕೆ ಬಡಿಸುತ್ತಾಳೆ ಎಂದು ಎದುರು ಮನೆಯ ಮುದುಕಿ ಆಡಿಕೊಂಡಳು. ನಕ್ಕು ಎಲ್ಲರೂ ಮರೆತರು.

ನೆರೆಯವಳ ಗಂಡ ದುಡಿಯುತ್ತಿದ್ದ ಕಾರ್ಖಾನೆಯಲ್ಲಿ ಕುಲುಮೆಯ ಕೆಳಗೆ ಕೆಲಸದವರು ಇಳಿಯಬೇಕಾದ ಒಂದು ನೆಲಮಾಳಿಗೆ ಇತ್ತು. ಅಲ್ಲಿ ಒಮ್ಮೊಮ್ಮೆ ವಿಷದ ಗಾಳಿ ತುಂಬುತ್ತಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆ ಗಾಳಿಯನ್ನು ಮೂಸಿ ಹೇಳುವ ಪೆಟ್ಟಿಗೆಯನ್ನು ಯಂತ್ರಗಾರ್ತಿಯೇ ಮಾಡಿದ್ದಳು. ಪೆಟ್ಟಿಗೆ ಸದಾ ಮೂಸಬೇಕು, ಮೂಸಿದಾಗಲೆಲ್ಲ ದೀಪಕ್ಕೆ ‘ಸರಿಯಿದೆ’ ಎನ್ನಬೇಕು. ಆ ಮಾತು ಬರದಿದ್ದರೆ ದೀಪ ತಾನಾಗಿ ಆರಬೇಕು. ಆರಿದರೆ ಯಾರೂ ಇಳಿಯುವಂತಿಲ್ಲ. ಮೊದಲು ಹಾಗೆಯೇ ಮಾಡಿದ್ದಳು. ಅವಳ ಕೆಲಸದಲ್ಲಿ ಕುಂದಿರಲಿಲ್ಲ.

ಬೂದಿ ಕೂತಾಗ ಪೆಟ್ಟಿಗೆ ಮುಗ್ಗರಿಸುತ್ತಿತ್ತು. ದೀಪ ಆರುತ್ತಿತ್ತು. ಒರೆಸಿ ಮತ್ತೆ ಎಬ್ಬಿಸುವ ತನಕ ಕುಲುಮೆಯ ಕೆಲಸ ನಿಲ್ಲುತ್ತಿತ್ತು. ಕಾರ್ಖಾನೆಯ ಸಾಹುಕಾರ ಮುಖ ಗಂಟಿಕ್ಕಿದ. ಇಷ್ಟು ಓದಿದವಳಿಗೆ ಆರದ ದೀಪ ಮಾಡಲು ಬರುವುದಿಲ್ಲವೇ ಎಂದ. ಆ ಮಾತು ಚುಚ್ಚಿತು. ದೀಪಕ್ಕೂ ಮೂಸುವ ಕೆಲಸಕ್ಕೂ ಇದ್ದ ನಂಟನ್ನು ಅವಳು ಕತ್ತರಿಸಿದಳು. ಕರೆಂಟು ಇರುವ ತನಕ ದೀಪ ಉರಿಯುತ್ತದೆ. ಯಾರಿಗೂ ಹೇಳಲಿಲ್ಲ.

ಆಮೇಲೆ ದೀಪ ಆರಲೇ ಇಲ್ಲ. ಸಾಹುಕಾರ ಮೆಚ್ಚಿ ರೇಷ್ಮೆ ಸೀರೆ ಉಡುಗೊರೆ ಕೊಟ್ಟ. ಅದೂ ಹಸಿರು ಸೀರೆಯೇ ಅಂತೆ. ಬೀದಿ ಸುಮ್ಮನಿದ್ದೀತೇ? ಸೀರೆಗೆ ಕಾರಣ ಪೆಟ್ಟಿಗೆಯಲ್ಲ ಎಂದು ಏನೇನೋ ಹೊಸೆಯಿತು. ಬೀದಿ ಹುಡುಕಿದ ತಪ್ಪು ಅವಳಲ್ಲಿ ಇರಲಿಲ್ಲ. ಇದ್ದ ತಪ್ಪು ಬೀದಿಗೆ ಕಾಣುವಂಥದ್ದಲ್ಲ.

ನೆರೆಯವಳ ಗಂಡ ಮಾತ್ರ ಆಡಿಕೊಂಡವನಲ್ಲ. ಇಳಿಯುವ ಮೊದಲು ದೀಪ ನೋಡಿ ಕಣ್ಣಿಗೆ ಕೈ ಒತ್ತಿಕೊಳ್ಳುತ್ತಿದ್ದ. ನಮ್ಮ ಅಕ್ಕನ ದೀಪ ಎಂದು ಜೊತೆಯವರ ಮುಂದೆ ಹೆಮ್ಮೆಪಡುತ್ತಿದ್ದ.

ಯಂತ್ರಗಾರ್ತಿ ತಂಗಿಯ ಸೀಮಂತದ ಸಿದ್ಧತೆಗೆಂದು ತವರಿಗೆ ಹೋದಳು. ಆಗಲೇ ಪೆಟ್ಟಿಗೆಗೆ ಬೂದಿ ಕೂತಿತು. ಮೂಸುವುದು ನಿಂತಿತು. ದೀಪ ಉರಿಯುತ್ತಿತ್ತು. ಅವನು ಕಣ್ಣಿಗೆ ಕೈ ಒತ್ತಿಕೊಂಡು ಇಳಿದ. ಮೇಲೆ ಬರಲಿಲ್ಲ.

ಎದೆ ನಿಂತು ಸತ್ತ ಎಂದು ಸಾಹುಕಾರ ಸಾರಿದ. ದೀಪ ಉರಿಯುತ್ತಲೇ ಇತ್ತಲ್ಲ, ಪೆಟ್ಟಿಗೆಯ ಮೇಲೆ ಯಾರಿಗೆ ಅನುಮಾನ ಬಂದೀತು? ಸಂಜೆಯೊಳಗೆ ಮಣ್ಣು ಮಾಡಿಸಿದ. ಯಂತ್ರಗಾರ್ತಿಗೆ ಹೇಳಿಕಳಿಸಲಿಲ್ಲ. ಜೊತೆಯವನೊಬ್ಬ ಯಾರಿಗೂ ಕಾಣದಂತೆ ಬಂದು, ಪೆಟ್ಟಿಗೆ ಸತ್ತಿದ್ದರೂ ದೀಪ ಉರಿಯುತ್ತಿತ್ತು ತಾಯಿ ಎಂದು ನೆರೆಯವಳಿಗೆ ಮಾತ್ರ ಹೇಳಿಹೋದ.

ಮಾರನೆಯ ಬೆಳಿಗ್ಗೆ ಯಂತ್ರಗಾರ್ತಿ ಬಸ್ಸಿಳಿದು ಬಂದಳು. ಅದೇ ಹಸಿರು ಸೀರೆ ಉಟ್ಟಿದ್ದಳು. ಮೊದಲ ಕರೆ ನೆರೆಮನೆಗೇ ಎಂದುಕೊಂಡಳು. ಬಾಗಿಲ ಮುಂದೆ ರಂಗೋಲಿ ಇತ್ತು, ಒಂದು ಎಸಳೂ ಮಾಸಿರಲಿಲ್ಲ. ಅಳುಕಲು ಕಾರಣವೇ ಇರಲಿಲ್ಲ. ಕುಂಕುಮದ ಭರಣಿ ಕೈಯಲ್ಲಿ ಹಿಡಿದು, ಸೀಮಂತಕ್ಕೆ ಮುಂಚೆಯೇ ಬರಬೇಕು ಕಣೇ ಎನ್ನುತ್ತ ಹೊಸ್ತಿಲು ದಾಟಿದಳು.

ಒಳಗೆ ಹೆಂಗಸರು ಗೋಡೆಗೊರಗಿ ಕೂತಿದ್ದರು. ನೆರೆಯವಳ ಹಣೆ ಬರಿದಾಗಿತ್ತು. ಯಂತ್ರಗಾರ್ತಿಯ ಕೈಯಲ್ಲಿ ಭರಣಿ ಹಾಗೆಯೇ ನಿಂತಿತು. ಎದುರು ಮನೆಯ ಮುದುಕಿ ಎದ್ದು ಬಂದು ಅದನ್ನು ತನ್ನ ಸೆರಗಿನೊಳಗೆ ಮುಚ್ಚಿಕೊಂಡಳು.

ಸರ್ವಮಂಗಳಮ್ಮ ಇಲ್ಲಿಗೆ ನಿಲ್ಲಿಸಿದಳು.

“ನೆರೆಯವಳು ಏನೆಂದಳು?” ಎಂದು ಕೊಟ್ರೇಶಿ ಕೇಳಿದ.

ಗುರು ದನಿಯನ್ನು ಇನ್ನೂ ತಗ್ಗಿಸಿದಳು. “ಮುಖ ನೋಡಿಯೇ ಅಂದಳು: ಬನ್ನಿ ಅಕ್ಕಾ, ನೀವು ಅಂಟಿಸಿದ ರಂಗೋಲಿ ಹಾಗೇ ಇದೆ, ನೀವು ಹಚ್ಚಿದ ದೀಪವೂ ಹಾಗೇ ಉರೀತಿದೆಯಂತೆ, ಅವರೊಬ್ಬರು ಮಾತ್ರ ಇಲ್ಲ.”