ಜನವಸತಿ ಇಲ್ಲದ ಕುದ್ರು

ಹೊಳೆಯ ನಡುವಿನ ಕುದ್ರುವಿಗೆ ಸೇತುವೆ ಬೇಕೆಂದು ಜನರೂ ಇಲಾಖೆಯವರೂ ಒಟ್ಟಿಗೆ ಕೂತು ಯೋಜನೆ ಮಾಡುವ ಸಭೆ ಅದು. ಅಧಿಕಾರಿ ಕಡತ ಬಿಚ್ಚಿದವನೇ, "ಕುದ್ರುವಿನಲ್ಲಿ ಜನವಸತಿ ಇಲ್ಲ ಅಂತ ದಾಖಲೆ ಹೇಳ್ತದೆ. ಇಲ್ಲದವರಿಗೆ ಸೇತುವೆ ಯಾಕೆ?" ಎಂದ. ಕುದ್ರುವಿನ ನಲವತ್ತೊಂದು ಜನವೂ ಅವನೆದುರಿಗೇ ಕೂತಿದ್ದರು!

ದೋಣಿಯ ಶೀನ ಖಾರ್ವಿ ಎದ್ದುನಿಂತ. "ನಾಳೆ ಒಮ್ಮೆ ಬಂದು ನೋಡಿ ಸಾಹೇಬ್ರೆ."

ಮರುದಿನ ಅಧಿಕಾರಿ ಬಂದ. ಅಂಗಳಗಳಲ್ಲಿ ಜನ ಬಲೆ ಹೆಣೆಯುತ್ತಿದ್ದರು. ಮಾತಾಡಿಸಿದರೆ ಯಾರೂ ತಲೆ ಎತ್ತಲಿಲ್ಲ. ಎದುರು ಬಂದ ಹೆಂಗಸು, ಅವನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ದಾಟಿಹೋದಳು. ನಾಯಿ ಕೂಡ ಬೊಗಳಲಿಲ್ಲ.

"ಶೀನಾ, ಇವರೆಲ್ಲ ಯಾಕೆ ಮಾತಾಡುದಿಲ್ಲ?"

ಶೀನ ಸುತ್ತಲೂ ನೋಡಿದ. "ಯಾರು ಮಾರಾಯ್ರೆ? ಇಲ್ಲಿ ಜನವೇ ಇಲ್ವಲ್ಲ!"

ಅಧಿಕಾರಿ ಬೆವರುತ್ತ ಓಡಿ ದೋಣಿ ಹತ್ತಿದ. ಕೂತವನೇ ಕಡತ ತಿದ್ದಿದ: ಜನವಸತಿ ಇದೆ, ನಲವತ್ತೆರಡು ಜನ.

ಶೀನನಿಗೆ ಒಳಗೊಳಗೇ ನಗು. ಯಾರೂ ತುಟಿ ಬಿಚ್ಚಬಾರದೆಂದು ಬೆಳಿಗ್ಗೆ ಮನೆಮನೆಗೆ ಹೋಗಿ ಹೇಳಿದವನು ಅವನೇ. "ನಲವತ್ತೊಂದು ಸಾಹೇಬ್ರೆ," ಎಂದ.

"ನಾನೇ ಎಣಿಸಿದ್ದೇನೆ. ಬಾವಿಕಟ್ಟೆಯ ಮುದುಕಿಯೂ ಸೇರಿ. ಅವರೊಬ್ಬರೇ ನನ್ನನ್ನು ಕರೆದು ನೀರು ಕೊಟ್ಟದ್ದು. ಎಡಗೈಯಲ್ಲಿ ಆರು ಬೆರಳು."

ಶೀನನ ಕೈಯ ಹುಟ್ಟು ನೀರಿನಲ್ಲೇ ನಿಂತಿತು. ಎಡಗೈಯಲ್ಲಿ ಆರು ಬೆರಳಿದ್ದದ್ದು ಅವನ ಅಮ್ಮನಿಗೆ. ಹೋದ ಮಳೆಗಾಲದಲ್ಲಿ ಆಸ್ಪತ್ರೆಗೆ ಒಯ್ಯುವಾಗ ಇದೇ ದೋಣಿಯಲ್ಲಿ, ನಡುಹೊಳೆಯಲ್ಲಿ, ಅವಳು ಕಣ್ಣು ಮುಚ್ಚಿದ್ದಳು.

"ನಲವತ್ತೆರಡೇ ಇರಲಿ ಸಾಹೇಬ್ರೆ," ಎಂದ ಶೀನ, ಮತ್ತೆ ಹುಟ್ಟು ಹಾಕುತ್ತ. "ಸೇತುವೆ ಎಲ್ಲರಿಗಿಂತ ಮೊದಲು ಬೇಕಿದ್ದದ್ದು ಅವರಿಗೇ."