ಮುದ್ದೀರಯ್ಯನ ಹೊಸ ಹಗ್ಗ

"ನನ್ನ ಬಾಯಿಂದ ಬಿದ್ದ ಬೆಲೇನ ಒಂದು ರೂಪಾಯಿ ಇಳಿಸೋ ಗಂಡಸು ಈ ತಾಲ್ಲೂಕಲ್ಲಿ ಇನ್ನೂ ಹುಟ್ಟಿಲ್ಲ" ಎಂದು ಪ್ರಭುಸ್ವಾಮಿ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ. ಹೇಳಿದ್ದು ಸಾಲದು ಅಂತ ತನ್ನ ಹಳೇ ಕಾರುಗಳ ಅಂಗಡಿಯ ಮುಂದೆ 'ಒಂದೇ ಮಾತು, ಒಂದೇ ಬೆಲೆ' ಎಂದು ಆಳೆತ್ತರದ ಬೋರ್ಡು ಬೇರೆ ಬರೆಸಿದ್ದ.

ಇಂಥವನ ಹತ್ತಿರ ಪುಟ್ಟೀರಮ್ಮ ಒಬ್ಬಳೇ ಹೋದದ್ದೇ ತಪ್ಪು. ಚಕ್ಕುಲಿ, ಕೋಡುಬಳೆ ಮಾಡಿ ಡಬ್ಬಗಳಿಗೆ ತುಂಬಿಕೊಂಡು ಸಂತೆಯಿಂದ ಸಂತೆಗೆ ಬಸ್ಸಿನಲ್ಲಿ ತಿರುಗುವವಳು ಆಕೆ. ಈಚೆಗೆ ಕಂಡಕ್ಟರು "ಇನ್ಮೇಲೆ ಡಬ್ಬ ಹತ್ತಿಸಬೇಡ" ಅಂದುಬಿಟ್ಟಿದ್ದ. ಸಂತೆ ತಪ್ಪಿದರೆ ಅವಳ ಮನೆಯ ಒಲೆ ಆರಿದ ಹಾಗೇ. ಪಾಪ, ಐವತ್ತನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಹನ್ನೊಂದು ವರ್ಷ ಕೂಡಿಟ್ಟ ಒಂದು ಲಕ್ಷ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಅಂಗಡಿಯ ಮೂಲೆಯಲ್ಲಿದ್ದ ಹದಿನಾಲ್ಕು ವರ್ಷದ ಬಿಳಿ ಕಾರಿನ ಬೆಲೆ ಕೇಳಿದಳು.

"ಒಂದು ಲಕ್ಷದ ಅರವತ್ತು ಸಾವಿರ" ಎಂದ ಪ್ರಭುಸ್ವಾಮಿ. "ಸಿಂಗಲ್ ಓನರ್. ಪೋಸ್ಟ್ ಮಾಸ್ಟರ್ದು. ಭಾನುವಾರ ದೇವಸ್ಥಾನಕ್ಕೆ ಬಿಟ್ರೆ ಮನೆಯಿಂದ ಈಚೆಗೇ ತೆಗೆದಿಲ್ಲ."

"ಒಂದು ಲಕ್ಷಕ್ಕೆ ಮಾಡ್ಕೊಡಿ ಸಾರ್. ಅಷ್ಟೇ ಇರೋದು."

"ಒಂದು ಲಕ್ಷಕ್ಕೆ ಬಾಗಿಲು ಬಿಚ್ಚಿ ಕೊಡ್ತೀನಿ, ತಲೆ ಮೇಲೆ ಹೊತ್ಕೊಂಡು ಹೋಗಮ್ಮ. ಹಪ್ಪಳ ಒಣಗಿಸೋಕಾಗುತ್ತೆ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಪುಟ್ಟೀರಮ್ಮ ಕಣ್ಣೊರೆಸಿಕೊಳ್ಳುತ್ತ ಅಣ್ಣನ ಮನೆಗೆ ಬಂದಳು.

ಅಣ್ಣ ಮುದ್ದೀರಯ್ಯ ದನದ ದಲ್ಲಾಳಿ. ಮೂವತ್ತು ವರ್ಷ ಎತ್ತಿನ ಹಲ್ಲನ್ನೂ ಮಾರುವವನ ಮುಖವನ್ನೂ ನೋಡಿ ಪಳಗಿದವನು.

"ಆ ಗಾಡಿ ನಂಗೊತ್ತು ಕಣವ್ವ. ಪೋಸ್ಟ್ ಮಾಸ್ಟರ್ರು ಇವನಿಗೆ ಕೊಟ್ಟಿದ್ದು ಅರವತ್ತೈದು ಸಾವಿರಕ್ಕೆ. ಗಾಡಿ ಚೆನ್ನಾಗೈತೆ. ನಿನ್ನ ಲಕ್ಷದಲ್ಲೂ ಅವನಿಗೆ ಲಾಭವೇ. ಅಳಬೇಡ, ಭಾನುವಾರ ಹೋಗಿ ತರಾಣ."

ಭಾನುವಾರ ಪೇಟೆಯಲ್ಲಿ ನೂರಿಪ್ಪತ್ತು ರೂಪಾಯಿ ಕೊಟ್ಟು ಗಟ್ಟಿಯಾದ ಹೊಸ ಹಗ್ಗವೊಂದನ್ನು ಕೊಂಡ. ತಂಗಿಯನ್ನು ಕರೆದುಕೊಂಡು ಅಂಗಡಿಗೆ ಹೋಗಿ, ಹಗ್ಗವನ್ನು ಸುರುಳಿ ಸುತ್ತಿ ಬಿಳಿ ಕಾರಿನ ಬಾನೆಟ್ಟಿನ ಮೇಲಿಟ್ಟು, ಪಕ್ಕದಲ್ಲಿ ಕೈಕಟ್ಟಿ ನಿಂತ.

"ಏನಯ್ಯ ಇದು, ಹಗ್ಗ?" ಎಂದ ಪ್ರಭುಸ್ವಾಮಿ.

"ನಮ್ಮ ಪದ್ಧತಿ ಸ್ವಾಮಿ. ಎತ್ತು ಮಾರೋನು ಹಗ್ಗ ಕೊಡಲ್ಲ. ಕೊಳ್ಳೋನೇ ಹೊಸ ಹಗ್ಗ ತರಬೇಕು. ಗಾಡಿ ಕೊಳ್ಳೋಕೆ ಬಂದಿವ್ನಿ, ತಂದಿವ್ನಿ. ಬೆಲೆ ಎಷ್ಟು?"

"ಒಂದು ಅರವತ್ತು. ಬೋರ್ಡು ಓದ್ಕೊ."

"ಆಗಲಿ, ಯೋಚನೆ ಮಾಡ್ತೀನಿ" ಎಂದು ಮುದ್ದೀರಯ್ಯ ನಿಂತೇ ಇದ್ದ.

ಭಾನುವಾರ ಅಂದರೆ ಗಿರಾಕಿಗಳ ಜಾತ್ರೆ. ಕನ್ನಡಕದ ಮೇಷ್ಟ್ರೊಬ್ಬರು ಹೆಂಡತಿಯೊಂದಿಗೆ ನೇರವಾಗಿ ಬಿಳಿ ಕಾರಿನ ಬಳಿಗೇ ಬಂದರು. ಹಗ್ಗ ನೋಡಿದರು. ಹೆಂಡತಿ ಗಂಡನ ಅಂಗಿ ಜಗ್ಗಿದಳು.

"ಯಾಕಪ್ಪ ಹಗ್ಗ? ಗಾಡಿ ಎಳ್ಕೊಂಡು ಹೋಗ್ಬೇಕಾ?" ಎಂದು ಮೇಷ್ಟ್ರು ಮುದ್ದೀರಯ್ಯನನ್ನು ಕೇಳಿದರು.

"ಛೆ ಛೆ! ಬಂಗಾರದಂಥ ಗಾಡಿ ಮೇಷ್ಟ್ರೇ. ಒಂದು ಕುಂದೂ ಇಲ್ಲ. ಹಗ್ಗ ಸುಮ್ನೆ ಶಾಸ್ತ್ರಕ್ಕೆ."

ಮುದ್ದೀರಯ್ಯ ಹೊಗಳಿದಷ್ಟೂ ಮೇಷ್ಟ್ರು ಹಿಂದೆ ಸರಿದರು. ಪ್ರಭುಸ್ವಾಮಿ ಓಡಿ ಬಂದು, "ಸಾರ್, ನಂಬಿ, ಹಗ್ಗಕ್ಕೂ ಗಾಡಿಗೂ ಸಂಬಂಧ ಇಲ್ಲ!" ಎಂದು ಕೂಗಿದ. ಮೇಷ್ಟ್ರು ಪಕ್ಕದ ಕಾರುಗಳನ್ನೂ ಒಮ್ಮೆ ಅನುಮಾನದಿಂದ ನೋಡಿ, ಹೆಂಡತಿಯ ಹಿಂದೆ ಗೇಟು ದಾಟಿದರು. ಹನ್ನೊಂದು ಗಂಟೆಯೊಳಗೆ ಇನ್ನೂ ನಾಲ್ಕು ಸಂಸಾರ ಅದೇ ದಾರಿ ಹಿಡಿಯಿತು.

"ನನ್ನ ಗಾಡಿ ಹೆಸರು ಕೆಡಿಸ್ತಿದೀಯಾ!"

"ಒಂದೇ ಒಂದು ಕೆಟ್ಟ ಮಾತು ಆಡಿದ್ರೆ ನನ್ನ ನಾಲಿಗೆ ಬಿದ್ದೋಗ್ಲಿ ಸ್ವಾಮಿ. ಹೊಗಳಿ ಹೊಗಳಿ ಬಾಯಿ ಒಣಗೈತೆ."

"ಮೊದ್ಲು ಈಚೆಗೆ ಹೋಗು!"

"ಆಗಲಿ. ಗೇಟಿನ ಮುಂದೆ ಹೊಂಗೆ ಮರ ಐತಲ್ಲ, ಅಲ್ಲಿ ಹಗ್ಗ ಹಿಡ್ಕೊಂಡು ಕೂತಿರ್ತೀನಿ. ರಸ್ತೇಲಿ ಹೋಗೋರು ಕೇಳಿದ್ರೆ ನಿಮ್ಮ ಗಾಡೀನ ಅಲ್ಲಿಂದ್ಲೇ ಹೊಗಳ್ತೀನಿ."

ಪ್ರಭುಸ್ವಾಮಿಗೆ ಬೆವರು ಕಿತ್ತುಕೊಂಡಿತು. ಗೇಟಿನೊಳಗೆ ಹಗ್ಗ ಇದ್ದರೆ ಒಂದು ಕಾರಿಗೆ ಕುತ್ತು, ಹೊರಗೆ ಹೋದರೆ ಇಡೀ ಅಂಗಡಿಗೆ. ಮುದ್ದೀರಯ್ಯನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದ: "ನೋಡಯ್ಯ, ಕೊಟ್ಟುಬಿಡೋಣ ಅಂದ್ರೂ ಬೆಲೆ ಇಳಿಸೋ ಹಾಗಿಲ್ಲ. ಇಷ್ಟು ಜನರ ಎದುರಿಗೆ ನನ್ನ ಮಾತು ಏನಾಗ್ಬೇಕು?"

"ನಿಮ್ಮ ಮಾತು ಯಾಕೆ ಕೆಡಬೇಕು ಸ್ವಾಮಿ? ಗಾಡಿ ಬೆಲೆ ಒಂದು ಅರವತ್ತೇ ಇರ್ಲಿ, ಬಿಲ್ಲಲ್ಲೂ ಹಂಗೇ ಬರೀರಿ. ನೀವು ಈ ಹಗ್ಗ ಕೊಂಡ್ಕೊಳ್ಳಿ, ಸಾಕು."

"ಅಷ್ಟೇನಾ? ಎಷ್ಟು ಹೇಳು!" ಎಂದು ಪ್ರಭುಸ್ವಾಮಿ ಜೇಬಿಗೆ ಕೈ ಹಾಕಿದ.

"ಅರವತ್ತು ಸಾವಿರ."

"ಅರವತ್ತು ಸಾವಿರ! ಒಂದು ಹಗ್ಗಕ್ಕೆ?"

"ಸಿಂಗಲ್ ಓನರ್ ಸ್ವಾಮಿ. ಭಾನುವಾರ ಬಿಟ್ರೆ ಈಚೆಗೇ ತೆಗೆದಿಲ್ಲ."

ಗೇಟಿನಲ್ಲಿ ಮತ್ತೊಂದು ಸಂಸಾರ ಹಗ್ಗದ ಕಡೆ ಬೆರಳು ತೋರಿಸುತ್ತ ನಿಂತಿತ್ತು. ಪ್ರಭುಸ್ವಾಮಿ ಹಣೆ ಒರೆಸಿಕೊಂಡ. ಈ ತಾಲ್ಲೂಕಿನಲ್ಲಿ ಯಾರ ಚೌಕಾಸಿಗೂ ಕಿವಿಗೊಡದವನು ಈಗ ತಾನೇ ಚೌಕಾಸಿಗೆ ಇಳಿದ.

"ಐವತ್ತಕ್ಕೆ ಮಾಡ್ಕೊಡಯ್ಯ."

ಮುದ್ದೀರಯ್ಯ ಬಾಯಿ ತೆರೆಯುವ ಮೊದಲೇ, ಬೆಳಗಿನಿಂದ ತುಟಿ ಬಿಚ್ಚದೆ ನಿಂತಿದ್ದ ಪುಟ್ಟೀರಮ್ಮ ಮುಂದೆ ಬಂದಳು. ಒಂದು ಕೈಯಿಂದ ಬೋರ್ಡು ತೋರಿಸಿದಳು, ಇನ್ನೊಂದು ಕೈಯಲ್ಲಿ ಹಗ್ಗದ ತುದಿ ಹಿಡಿದಳು.

"ಐವತ್ತಕ್ಕೆ ಒಂದು ಮೊಳ ಕುಯ್ದು ಕೊಡ್ತೀವಿ ಸಾರ್. ಪೈಜಾಮಕ್ಕೆ ಲಾಡಿ ಮಾಡ್ಕೊಳ್ಳಿ!"

ಅವತ್ತು ಅಂಗಡಿಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ಪ್ರಭುಸ್ವಾಮಿಯೇ. ನಗುತ್ತಲೇ ಒಂದು ಅರವತ್ತಕ್ಕೆ ಬಿಲ್ಲು ಬರೆದ, ಹಗ್ಗದ ಅರವತ್ತು ಕಳೆದು ಲಕ್ಷ ಎಣಿಸಿಕೊಂಡ, ಕೀಲಿ ಕೊಟ್ಟ, ತನ್ನ ಖರ್ಚಿನಲ್ಲಿ ಟ್ಯಾಂಕು ತುಂಬಿಸಿದ. ಆಮೇಲೆ ಹಗ್ಗವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ, ಗಿರಾಕಿಗಳ ಕಣ್ಣಿಗೆ ಬೀಳದಂತೆ ಬೀರುವಿನಲ್ಲಿಟ್ಟು ಬೀಗ ಹಾಕಿದ.